ಕಂಟೇನರ್ ಎಲ್ಲಿದೆ ಎಂದು ಹೇಳುವವರೇ ಇಲ್ಲ

ಮಾನ್ಯ ಸಂಪಾದಕರೇ,

ಬಂದರಿನಲ್ಲಿ ಕಂಟೇನರ್ ದಟ್ಟಣೆ ಕರಗಿದೆ, ಸರಕು ಸಲೀಸಾಗಿ ಹೊರಗೆ ಹೋಗುತ್ತಿದೆ ಎಂದು ಅಧಿಕಾರಿಗಳು ಹೇಳಿದ್ದನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದನ್ನು ನಾನು ಓದಿದ್ದು ಅದೇ ಬಂದರಿನ ಎರಡನೇ ಗೇಟಿನ ಹೊರಗೆ, ಲಾರಿಯ ಕ್ಯಾಬಿನ್‌ನಲ್ಲಿ ಕೂತು. ನನ್ನ ಕಂಟೇನರ್ ಹಡಗಿನಿಂದ ಇಳಿದು ನಿನ್ನೆಗೆ 19 ದಿನ. ಕಸ್ಟಮ್ಸ್ ಕೆಲಸ ಮುಗಿದು, ಸುಂಕ ಕಟ್ಟಿ 12 ದಿನ. ಅದು ಕಂಟೇನರ್ ಪೇರಿಸಿಡುವ ಯಾರ್ಡಿನ ಯಾವ ಮೂಲೆಯಲ್ಲಿದೆ ಎಂದು ಈ ಪತ್ರ ಬರೆಯುವ ಹೊತ್ತಿಗೂ ಯಾರೂ ಹೇಳಿಲ್ಲ.

ನಾನು ಸಣ್ಣ ಪಂಪ್ ಜೋಡಿಸುವ ಕಾರ್ಖಾನೆ ನಡೆಸುತ್ತೇನೆ. ಆ ಕಂಟೇನರಿನಲ್ಲಿ ಮುಂದಿನ ಆರು ತಿಂಗಳ ಬಿಡಿಭಾಗಗಳಿವೆ. ಅದರಲ್ಲಿ ಈಗಿಂದೀಗಲೇ ಬೇಕಾದ್ದು ಮೆಕ್ಯಾನಿಕಲ್ ಸೀಲ್ ಒಂದೇ. ಎರಡು ಬೆರಳು ಅಗಲದ ಸಾಮಾನು. ಒಂದು ಸ್ಪ್ರಿಂಗ್, ಒಂದಿಷ್ಟು ರಬ್ಬರ್, ನುಣ್ಣಗೆ ಉಜ್ಜಿದ ಎರಡು ಬಿಲ್ಲೆ. ಅದಿಲ್ಲದಿದ್ದರೆ ಶಾಫ್ಟಿನ ಸುತ್ತ ನೀರು ಸೋರಿ ಮೋಟಾರಿಗೆ ಇಳಿಯುತ್ತದೆ. ಹಾಗಾಗಿ 340 ಪಂಪುಗಳು ಅರ್ಧಕ್ಕೇ ನಿಂತಿವೆ. ಧೂಳು ಬೀಳದಿರಲಿ ಎಂದು ಹುಡುಗರು ಒಂದೊಂದರ ಬಾಯಿಗೂ ಬಟ್ಟೆ ಕಟ್ಟಿ ಸಾಲಾಗಿ ಇಟ್ಟಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣಿಗೆ ಬೀಳುವುದು ಅದೇ ಸಾಲು. ಕೆಲಸ ಇಲ್ಲದಿದ್ದರೂ ಸಂಬಳ ಕೊಡಲೇಬೇಕು. ತಡವಾದರೆ ದಂಡ ಎಂದು ಗಿರಾಕಿ ಆರ್ಡರಿನಲ್ಲೇ ಬರೆಸಿಕೊಂಡಿದ್ದಾರೆ. ಬ್ಯಾಂಕಿನ ಬಡ್ಡಿಯಂತೂ ಭಾನುವಾರವೂ ನಿಲ್ಲುವುದಿಲ್ಲ. ಇದೆಲ್ಲದರ ಮೇಲೆ ಡೆಮರೇಜ್! ಕಂಟೇನರ್ ಹುಡುಕಲು ಆಗದಿರುವುದು ಅವರಿಗೆ, ಅದು ಅಲ್ಲಿ ಬಿದ್ದಿದ್ದಕ್ಕೆ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟುವುದು ನಾನು. ಇದು ಯಾವ ನ್ಯಾಯ?

ಕೌಂಟರಿನಲ್ಲಿ ಕೇಳಿದರೆ, "ಸಿಸ್ಟಂನಲ್ಲಿ ತೋರಿಸ್ತಾ ಇಲ್ಲ ಸರ್, ನಾಳೆ ಬನ್ನಿ" ಅಂತಾರೆ. ನಾಲ್ಕು ನಾಳೆ ಕಳೆದವು. ಹಡಗು ಕಂಪನಿಯ ಟ್ರ್ಯಾಕಿಂಗ್ ತೆರೆದರೆ "ಡೆಲಿವರಿಗೆ ಸಿದ್ಧ" ಎಂದು ಹಸಿರು ಬಣ್ಣದಲ್ಲಿ ಬರುತ್ತದೆ. ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಫೋನಿನಲ್ಲಿ "ಇನ್ನೆರಡು ದಿನ" ಅಂತಾರೆ. ಕೊನೆಗೆ ನಿಜ ಹೇಳಿದ್ದು ಯಾರ್ಡಿನ ಒಬ್ಬ ಕ್ರೇನ್ ಆಪರೇಟರ್. "ನಿಮ್ಮದು ತಳದಲ್ಲಿ ಇರಬಹುದು ಸರ್. ಮೇಲಿನ ನಾಲ್ಕು ಎತ್ತಿ ಪಕ್ಕಕ್ಕೆ ಇಡಬೇಕು. ಇಡೋಕೆ ಜಾಗ ಎಲ್ಲಿದೆ?" ಅಂದರು. ಅವರು ಒಂದು ನಿಮಿಷದಲ್ಲಿ ಹೇಳಿದ್ದನ್ನು ಕಚೇರಿ ಮೊದಲ ದಿನವೇ ಹೇಳಬಹುದಿತ್ತು ಅಲ್ವಾ? ನಮ್ಮ ಲಾರಿ ಡ್ರೈವರ್ ಎರಡು ರಾತ್ರಿ ಸ್ಟೇರಿಂಗಿಗೆ ತಲೆ ಕೊಟ್ಟು ಮಲಗಿದ್ದಾರೆ. ಗೇಟಿನ ಹತ್ತಿರ ಅವರಿಗೆ ಮುಖ ತೊಳೆಯಲು ಒಂದು ನಲ್ಲಿಯೂ ಇಲ್ಲ.

ತಡ ಆಗುತ್ತದೆ ಎಂಬುದು ನನಗೂ ಗೊತ್ತು. 2021ರ ಮಾರ್ಚಿನಲ್ಲಿ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿಯೇ ಮುಚ್ಚಿತ್ತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಎಷ್ಟೋ ಹಡಗುಗಳು ಆಫ್ರಿಕಾದ ತುದಿ ಸುತ್ತಿಕೊಂಡು ಹೋದವು. ಆಗಲೂ ನನ್ನ ಸರಕು ತಡವಾಗಿತ್ತು. ಆದರೆ ನಾನು ಯಾರಿಗೂ ಬಯ್ಯಲಿಲ್ಲ. ಯಾಕೆಂದರೆ "ಹದಿನಾಲ್ಕು ದಿನ ಜಾಸ್ತಿ ಆಗುತ್ತೆ, ಈಗಲೇ ವ್ಯವಸ್ಥೆ ಮಾಡ್ಕೊಳ್ಳಿ" ಎಂದು ಸರಕು ಸಾಗಣೆ ನೋಡಿಕೊಳ್ಳುವ ನಮ್ಮ ಫಾರ್ವರ್ಡರ್ ಮೊದಲೇ ಫೋನ್ ಮಾಡಿದ್ದರು. ಕೈಯಲ್ಲಿದ್ದ ಸೀಲ್‌ಗಳಿಗೆ ಹೊಂದುವ ಪಂಪುಗಳನ್ನು ಮೊದಲು ಮುಗಿಸಿದೆವು. ಗಿರಾಕಿಗೂ ಹೊಸ ದಿನಾಂಕ ಹೇಳಿದೆವು. ಅವರೂ ಒಪ್ಪಿದರು. ಆವತ್ತು ಹದಿನಾಲ್ಕು ದಿನವನ್ನು ತಡೆದುಕೊಂಡ ಕಾರ್ಖಾನೆ ಈ ಸಲ 'ನಾಳೆ ಬನ್ನಿ' ಎಂಬ ಮಾತಿಗೆ ಕುಸಿದಿದೆ.

ಸಮಯಕ್ಕೆ ಸರಿಯಾಗಿ ತಿಳಿಯದಿದ್ದರೆ ದೊಡ್ಡವರಿಗೂ ಇದೇ ಗತಿ. 2000ರ ಮಾರ್ಚಿನಲ್ಲಿ ಅಮೆರಿಕದ ಅಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಯಲ್ಲಿ ಸಿಡಿಲಿನಿಂದಾಗಿ ಬೆಂಕಿ ಹತ್ತಿತು. ಬೆಂಕಿ ಆರಿದ್ದು ಹತ್ತೇ ನಿಮಿಷದಲ್ಲಿ, ಆದರೆ ಹೊಗೆ ಮತ್ತು ನೀರು ಚಿಪ್‌ಗಳನ್ನು ಹಾಳುಮಾಡಿದ್ದವು. ಅಲ್ಲಿಂದ ಮೊಬೈಲ್ ಫೋನ್ ಮಾಡುತ್ತಿದ್ದ ನೋಕಿಯಾಗೂ ಚಿಪ್ ಹೋಗುತ್ತಿತ್ತು, ಎರಿಕ್ಸನ್‌ಗೂ ಹೋಗುತ್ತಿತ್ತು. ಒಂದು ವಾರ ತಡ ಅಷ್ಟೇ ಎಂಬ ಮಾತು ಫಿಲಿಪ್ಸ್ ಕಡೆಯಿಂದ ಬಂತು. ನೋಕಿಯಾದವರು ಅಷ್ಟಕ್ಕೇ ಸುಮ್ಮನಾಗದೆ ದಿನಾ ವಿಚಾರಿಸಿ, ಬೇರೆ ಕಡೆಯಿಂದ ಚಿಪ್ ಹೊಂದಿಸಿಕೊಂಡರು. ಎರಿಕ್ಸನ್ ನಂಬಿ ಕೂತಿತು. ಅದಕ್ಕೆ ಆದ ನಷ್ಟ ಸುಮಾರು 40 ಕೋಟಿ ಡಾಲರ್. ಅಷ್ಟು ದೊಡ್ಡ ಕಂಪನಿಯೇ ಹಾಗೆ ಏಟು ತಿಂದಿತು. ನನ್ನಂಥವನು ದಿನಾ ವಿಚಾರಿಸಿದರೂ ಇಲ್ಲಿ ಉತ್ತರ ಕೊಡುವವರಿಲ್ಲ.

ಇದರಿಂದ ಇನ್ನೊಂದು ಅನಾಹುತವೂ ಆಗುತ್ತದೆ. ಸರಕು ಯಾವಾಗ ಬರುತ್ತದೋ ಗೊತ್ತಿಲ್ಲ ಎಂದಾಗ ಎಲ್ಲರೂ ಹೆದರಿ ಜಾಸ್ತಿ ಆರ್ಡರ್ ಹಾಕುತ್ತಾರೆ. ಮೊನ್ನೆ ನಾನೂ ಹಾಕಿದೆ. ಬೇಕಾದ್ದು ಸಾವಿರ ಸೀಲ್, ಹೇಳಿದ್ದು ಎರಡು ಸಾವಿರ. ನನ್ನ ಡೀಲರ್‌ಗಳೂ ಪಂಪಿಗೆ ಹಾಗೆಯೇ ಮಾಡಿದ್ದಾರೆ. ಬೇಡಿಕೆ ಏರಿದೆ ಎಂದುಕೊಂಡು ಸೀಲ್ ಮಾಡುವವರು ಇನ್ನೂ ಜಾಸ್ತಿ ಕಚ್ಚಾ ಮಾಲು ತರಿಸುತ್ತಾರೆ. ನಿಜವಾಗಿ ಪಂಪ್ ಕೊಳ್ಳುವವರ ಸಂಖ್ಯೆ ಒಂದೂ ಹೆಚ್ಚಿಲ್ಲ. ಬಲ್ಲವರು ಇದನ್ನು ಬುಲ್‌ವಿಪ್ ಅಂತಾರೆ, ಅಂದರೆ ಚಾಟಿಯ ಹಿಡಿ ಸ್ವಲ್ಪ ಅಲುಗಿದರೂ ತುದಿ ಜೋರಾಗಿ ಬೀಸುವ ಹಾಗೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಮಕ್ಕಳ ಡೈಪರ್ ವಿಷಯದಲ್ಲಿ ಇದನ್ನೇ ಕಂಡಿತು. ಮಗು ಡೈಪರ್ ಬಳಸುವುದು ಹೆಚ್ಚುಕಮ್ಮಿ ಒಂದೇ ಸಮ, ಆದರೆ ಅಂಗಡಿಯಿಂದ ಹಿಂದಕ್ಕೆ, ಕಾರ್ಖಾನೆ ಮತ್ತು ಕಚ್ಚಾ ಮಾಲಿನವರ ಕಡೆಗೆ ಹೋದಷ್ಟೂ ಆರ್ಡರುಗಳು ವಿಪರೀತ ಏರಿಳಿಯುತ್ತಿದ್ದವು. ಆರು ತಿಂಗಳ ನಂತರ ನಮ್ಮೆಲ್ಲರ ಗೋಡೌನ್ ತುಂಬಿ, ದುಡ್ಡು ಸರಕಿನಲ್ಲಿ ಸಿಕ್ಕಿಬಿದ್ದಾಗ ಈ ಅಧಿಕಾರಿಗಳು ಬಂದು ಬಿಡಿಸುತ್ತಾರಾ?

ಹಳೆಯದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಪ್ಯಾಕಿಂಗ್ ಲಿಸ್ಟಿನಲ್ಲಿ 48 ಪೆಟ್ಟಿಗೆ, ಬಿಲ್‌ನಲ್ಲಿ 46 ಇತ್ತು. ಎರಡು ಸಣ್ಣ ಪೆಟ್ಟಿಗೆಗಳನ್ನು ದೊಡ್ಡದರೊಳಗೆ ಇಟ್ಟಿದ್ದರು. ತೆರೆದು ಎಣಿಸಿದರೆ ಕಾಲು ಗಂಟೆಯ ಕೆಲಸ. ಐದು ದಿನ ತಡೆದರು. ಅದಕ್ಕೂ ಮೊದಲು ಬಳಕೆದಾರರ ಸಭೆ ಎಂದು ಕರೆದು ದೊಡ್ಡ ಆಮದುದಾರರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಮಗೆ "ಬರೆದು ಕೊಡಿ" ಅಂದರು. ಬರೆದು ಕೊಟ್ಟೆ. ಇವತ್ತಿಗೂ ಒಂದು ಸಾಲಿನ ಉತ್ತರ ಬಂದಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತದೆ, ಮನುಷ್ಯರ ದನಿ ಕೇಳಿಸುವುದಿಲ್ಲ. ಸಿಸ್ಟಂ ಸರಿಯಿಲ್ಲ ಎಂಬ ನೆಪ ಬೇಡ. 2017ರಲ್ಲಿ ಸೈಬರ್ ದಾಳಿಯಾಗಿ ಮೆರ್ಸ್ಕ್ ಹಡಗು ಕಂಪನಿಯ ಕಂಪ್ಯೂಟರುಗಳೆಲ್ಲ ಕೆಟ್ಟುನಿಂತಾಗ 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಸಿದ್ಧಮಾಡಿಕೊಂಡರು. ಇಲ್ಲಿ ಒಂದು ಕಂಟೇನರ್ ಹುಡುಕಲು 19 ದಿನ ಸಾಲಲಿಲ್ಲ!

ಪ್ರತಿ ಕಂಟೇನರಿಗೂ ಹೊರಬರುವ ದಿನಾಂಕ ಬರೆದು ಕೊಡಲಿ. ಆ ದಿನಾಂಕ ತಪ್ಪಿದರೆ ಡೆಮರೇಜ್ ಅವರೇ ಹೊರಲಿ. ಅದು ಆಗದಿದ್ದರೆ ಕೌಂಟರಿನಲ್ಲಿ ಯಾರ್ಡ್ ಗೊತ್ತಿರುವವರನ್ನು ಕೂರಿಸಲಿ. ಅದೂ ಆಗದಿದ್ದರೆ ದಟ್ಟಣೆ ಕರಗಿದೆ ಎಂದು ಪತ್ರಿಕೆಗೆ ಹೇಳುವುದನ್ನಾದರೂ ನಿಲ್ಲಿಸಲಿ. ತಾವೂ ಅವರು ಹೇಳಿದ್ದನ್ನು ಸುಮ್ನೆ ಅಚ್ಚು ಹಾಕುವ ಮೊದಲು ಒಬ್ಬ ವರದಿಗಾರರನ್ನು ಎರಡನೇ ಗೇಟಿಗೆ ಕಳಿಸಿ. ನಮ್ಮ ಲಾರಿ ಇನ್ನೂ ಅಲ್ಲೇ ನಿಂತಿದೆ.

ಇಂತಿ,
ಒಂದು ಸಣ್ಣ ಪಂಪ್ ಕಾರ್ಖಾನೆಯ ಮಾಲೀಕ