ಚೊಚ್ಚಲ ಪುಸ್ತಕಕ್ಕೆ ವಯಸ್ಸು ಯಾಕೆ ಕೇಳುತ್ತೀರಿ?

ಮಾನ್ಯ ಸಂಪಾದಕರೇ, ನಮಸ್ಕಾರ.

ಚೊಚ್ಚಲ ಕೃತಿಗೆ ಸರ್ಕಾರದಿಂದ ಸಿಗುವ ಪ್ರೋತ್ಸಾಹಧನದ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ವಯಸ್ಸಿನ ಸಾಲನ್ನು. 18ರಿಂದ 35 ವರ್ಷ. ನನಗೆ ಈಗ 52. ರಾಣೆಬೆನ್ನೂರಿನಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ, ಕಥೆ ಬರೆಯುತ್ತೇನೆ. ನನ್ನ ಹೆಸರಿನಲ್ಲಿ ಇನ್ನೂ ಒಂದು ಪುಸ್ತಕವೂ ಬಂದಿಲ್ಲ. ಬರುವುದಾದರೆ ಅದೂ ಚೊಚ್ಚಲ ಕೃತಿಯೇ ಅಲ್ವಾ?

35ರ ಒಳಗೆ ಯಾಕೆ ಬರೆಯಲಿಲ್ಲ ಅಂತ ಯಾರಾದರೂ ಕೇಳಬಹುದು. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೆರಡಾದರೂ ಮಷೀನ್ ನಿಲ್ಲುತ್ತಿರಲಿಲ್ಲ. ನಡುವೆ ಮಕ್ಕಳ ಹೋಂವರ್ಕು, ಅತ್ತೆಯ ಮಾತ್ರೆ. ಓದುವುದನ್ನು ಮಾತ್ರ ಬಿಟ್ಟಿರಲಿಲ್ಲ. ಗಿರಾಕಿಗಳು ಕಾಯುವಾಗ ತಿರುವಿ ಹಾಕಲಿ ಅಂತ ಅಂಗಡಿಗೆ ಸುಧಾ, ತರಂಗ ತರಿಸುತ್ತಿದ್ದೆ. ಅವರ ಕೈಗೆ ಸಿಗುವ ಮೊದಲು ಕಥೆಯ ಪುಟ ನಾನೇ ಮುಗಿಸಿರುತ್ತಿದ್ದೆ. ಬರೆಯಲು ಕೂತಿದ್ದು ಮಗಳ ಮದುವೆ ಆದ ಮೇಲೆ.

ಕಲಿಸುವವರು ಯಾರೂ ಇರಲಿಲ್ಲ. ಕಥಾ ಕಮ್ಮಟಕ್ಕೆ ಹೋಗೋಣ ಅಂದರೆ ಹಲವು ಕಡೆ ಅಲ್ಲೂ ವಯಸ್ಸು ಕೇಳುತ್ತಾರೆ. ಹಾಗಾಗಿ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನನಗೆ ನಾನೇ ಪಾಠ ಹಾಕಿಕೊಂಡೆ. ಒಂದು ಪಾಠ ಹೀಗೆ: ಗಿರಾಕಿಯ ಮುಖ, ಬಣ್ಣ, ಹೆಸರು ಯಾವುದನ್ನೂ ಹೇಳಬಾರದು. ಅವಳು ತಂದ ಅಳತೆ ಬ್ಲೌಸ್ ಒಂದರಿಂದಲೇ ಅವಳು ಯಾರು ಅಂತ ತಿಳಿಯಬೇಕು. ಒಮ್ಮೆ ಒಂದು ಬ್ಲೌಸ್ ಬಂತು. ಎರಡೂ ಪಕ್ಕ ಬಿಚ್ಚಿ ಅಗಲ ಮಾಡಿದ ಗುರುತಿತ್ತು, ಆಮೇಲೆ ಅದನ್ನೇ ಮತ್ತೆ ಎರಡು ಸಲ ಬಿಗಿ ಮಾಡಿದ ಹೊಲಿಗೆಯೂ ಇತ್ತು. ಇನ್ನೂ ಒಂದಿಂಚು ಒಳಗೆ ಹಿಡಿಯಿರಿ ಅಂದರು. ನಾನು ಏನೂ ಕೇಳಲಿಲ್ಲ. ಕಾಯಿಲೆ ಬಿದ್ದ ಹೆಂಗಸಿನ ಬಗ್ಗೆ ನಾನು ಬರೆದ ಕಥೆಯಲ್ಲಿ ಕಾಯಿಲೆಯ ಹೆಸರು ಎಲ್ಲೂ ಇಲ್ಲ, ಹೊಲಿಗೆ ಮಾತ್ರ ಇದೆ.

ಬರೀ ಮಾತಿನಲ್ಲೇ ಜಗಳ ಬರೆಯುವುದೂ ಒಂದು ಅಭ್ಯಾಸ. ಯಾರು ಅಂದರು, ಹೇಗೆ ಅಂದರು ಅಂತ ಸೇರಿಸುವಂತಿಲ್ಲ. ಅತ್ತೆ, ಸೊಸೆ ಇಬ್ಬರೂ ಒಂದೇ ಥರ ಮಾತಾಡಿದರೆ ಆ ಹಾಳೆ ಕಸಕ್ಕೆ. ಕಥೆ ಮುಗಿದ ಮೇಲೆ ಕೊನೆಯ ಪ್ಯಾರಾ ಮುಚ್ಚಿಟ್ಟು ಓದುತ್ತೇನೆ. ಹೆಚ್ಚಿನ ಸಲ ಅದು ಬೇಕಾಗಿಯೇ ಇರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ನನಗೆ ಆಗದವರ ಕಡೆಯಿಂದ ಕಥೆ ಹೇಳುವುದು. ಒಬ್ಬಳು ಹಬ್ಬಕ್ಕೆ ನಾಲ್ಕು ಬ್ಲೌಸ್ ಹೊಲಿಸಿಕೊಂಡು, ದುಡ್ಡು ನಾಳೆ ಅಂದು ಊರೇ ಬಿಟ್ಟಿದ್ದಳು. ವಾರಗಟ್ಟಲೆ ಅವಳನ್ನು ಬೈದಿದ್ದೆ. ಒಂದು ರಾತ್ರಿ ಅವಳೇ ಮಾತಾಡುವ ಹಾಗೆ ಬರೆದೆ. ಬಸ್ಸಿನಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಹೊಸ ಬ್ಲೌಸಿನ ಚೀಲ ಇದೆ, ಹಿಂದೆ ತಿರುಗಿ ನೋಡುತ್ತಿಲ್ಲ. ನನ್ನ ಮೊದಲು ಅಚ್ಚಾದ ಕಥೆ ಅದೇ, ಒಂದು ವಾರಪತ್ರಿಕೆಯಲ್ಲಿ ಬಂತು. ಬಂದ ಗೌರವಧನ ಅವಳ ಬಾಕಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು! ಆಮೇಲೆ ಧಾರವಾಡ ಆಕಾಶವಾಣಿಯಲ್ಲಿ ಒಂದು ಕಥೆ ಓದಿದೆ. ಈಗ ಒಂದು ಸಂಕಲನಕ್ಕೆ ಆಗುವಷ್ಟು ಕಥೆಗಳಿವೆ.

ಪುಸ್ತಕದ ಮಾತು ಬಂದಾಗಲೇ ತೊಡಕು ಶುರುವಾಗಿದ್ದು. ನಾನು ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತೇನೆ, ಪ್ರೆಸ್ಸಿನವರಿಗೆ ನುಡಿ ತಂತ್ರಾಂಶದ ಫಾಂಟ್ ಬೇಕು. ಬದಲಾಯಿಸಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಅದನ್ನೂ ಕೂತು ತಿದ್ದಿದೆ. ಆದರೆ ಪ್ರಕಾಶಕರ ಮಾತನ್ನು ತಿದ್ದಲು ಆಗಲಿಲ್ಲ. ‘ಕಥೆ ಪುಸ್ತಕ ಹೋಗಲ್ಲ ಮೇಡಂ, ಕಾದಂಬರಿ ಇದ್ದರೆ ಕೊಡಿ’ ಅಂದರು ಒಬ್ಬರು. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಖುಷಿಯಿಂದ ಆ ಪ್ರಕಾಶಕರಿಗೇ ಮತ್ತೆ ಫೋನ್ ಮಾಡಿದೆ. ‘ಅವರ ಮಾತು ಬೇರೆ ಬಿಡಿ’ ಅಂದರು. ಇನ್ನೊಬ್ಬರು ಅಚ್ಚಿನ ಖರ್ಚು ನೀವೇ ಹಾಕಿ ಅಂದರು.

ಅವರನ್ನೂ ಸುಮ್ನೆ ದೂರುವುದಿಲ್ಲ. ಹೆಸರಿಲ್ಲದವರ ಮೊದಲ ಪುಸ್ತಕ ಕೆಲವು ನೂರು ಪ್ರತಿ ಅಚ್ಚಾದರೆ ಹೆಚ್ಚು. ಗ್ರಂಥಾಲಯಕ್ಕೆ ಸಗಟು ಖರೀದಿಯಲ್ಲಿ ಹೋದರೆ ಬಚಾವು, ಇಲ್ಲದಿದ್ದರೆ ಬಂಡಲ್ ಗೋಡೌನಿನಲ್ಲೇ. ಇಂಥ ಕಡೆಯೇ ಪ್ರೋತ್ಸಾಹಧನ ಕೆಲಸಕ್ಕೆ ಬರುವುದು. ಸರ್ಕಾರ ಹಸ್ತಪ್ರತಿ ಓದಿಸಿ ಆರಿಸಿದೆ ಅಂದರೆ ದುಡ್ಡಿನ ಜೊತೆ ಒಂದು ನಂಬಿಕೆಯೂ ಸಿಗುತ್ತದೆ.

ಸಾರಾ ಅಬೂಬಕ್ಕರ್ ಅವರನ್ನೇ ನೋಡಿ. ಹುಟ್ಟಿದ್ದು 1936ರಲ್ಲಿ. ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದು 1981ರಲ್ಲಿ. ಆಗ ಅವರು ನಾಲ್ಕು ಮಕ್ಕಳ ತಾಯಿ, ವಯಸ್ಸು 45ರ ಹತ್ತಿರ. ಈಗಿನ ನಿಯಮದ ಪ್ರಕಾರ ಅವರ ಅರ್ಜಿಯೂ ವಯಸ್ಸಿನ ಸಾಲಿನಲ್ಲೇ ಬಿದ್ದುಹೋಗುತ್ತಿತ್ತು.

ಯುವಕರಿಗೆ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೂ 35ರ ಮಿತಿ ಇದೆ. ಯುವ ಅಂತ ಹೆಸರಿಟ್ಟ ಮೇಲೆ ಅದು ಸರಿಯೇ. ಆದರೆ ಮೊದಲ ಪುಸ್ತಕಕ್ಕೆ ಕೊಡುವ ನೆರವಿನಲ್ಲಿ ಒಂದು ಪಾಲನ್ನಾದರೂ ವಯಸ್ಸು ಕೇಳದೆ ಕೊಡಬಹುದು. ಬೇಕಿದ್ದರೆ ಹೆಸರು, ವಯಸ್ಸು ಎರಡನ್ನೂ ಮುಚ್ಚಿಟ್ಟು ಹಸ್ತಪ್ರತಿ ಓದಲಿ. ಹೆಂಗಸರು, ನಿವೃತ್ತ ಮೇಷ್ಟ್ರುಗಳು, ಮಕ್ಕಳನ್ನು ದಡ ಸೇರಿಸಿದ ಮೇಲೆ ಪೆನ್ನು ಹಿಡಿದ ರೈತರು ಎಷ್ಟೋ ಮಂದಿ ಇದ್ದಾರೆ. ಅವರ ಕಥೆಗಳು ನಿಮ್ಮ ಕಚೇರಿಗೂ ಬರುತ್ತಿರುತ್ತವೆ.

ನನ್ನ ಪುಸ್ತಕ ಹೇಗೂ ಬರುತ್ತದೆ. ಚೀಟಿ ಎತ್ತಿ ಡಿಟಿಪಿ ಮಾಡಿಸಿದ್ದೇನೆ, ಮುಖಪುಟ ಒಂದು ಬಾಕಿ. ಮುಂದಿನ ಸಲ ಅರ್ಜಿ ಕರೆಯುವ ಮೊದಲು ನಿಮ್ಮ ವರದಿಗಾರರು ಸಂಬಂಧಪಟ್ಟವರನ್ನು ಕೇಳಲಿ: ಈ 35 ಅನ್ನುವ ಗೆರೆ ಎಳೆದದ್ದು ಯಾವ ಲೆಕ್ಕದಲ್ಲಿ? ಅವರು ಕೊಟ್ಟ ಉತ್ತರವನ್ನು ದಯವಿಟ್ಟು ಅಚ್ಚು ಹಾಕಿ.

ಇಂತಿ,
ಕಥೆ ಬರೆಯುವ ಒಬ್ಬ ಟೈಲರ್
ರಾಣೆಬೆನ್ನೂರು, ಹಾವೇರಿ ಜಿಲ್ಲೆ