ನೆರಿಗುಂಡಾದ ಕಾನ್‌ಸ್ಟೇಬಲ್: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ, ಅಪ್ಪನ ಆಶೀರ್ವಾದಗಳು.

ರಜೆಗೆ ಕ್ಯಾನ್‌ಬೆರಾದಿಂದ ಸಮುದ್ರದ ಕಡೆಗೆ ಹೋಗುತ್ತೇವೆ ಎಂದೆಯಲ್ಲ, ಆ ದಾರಿ ಬ್ರೇಡ್‌ವುಡ್ ಮೇಲೆಯೇ ಹಾದುಹೋಗುತ್ತದೆ. ಕರಾವಳಿಗೆ ಇಳಿದು ದಕ್ಷಿಣಕ್ಕೆ ತಿರುಗಿದರೆ ಬೊಡಾಲ್ಲಾ, ಅಲ್ಲಿಂದ ಒಳಗೆ ಬೆಟ್ಟಗಳ ನಡುವೆ ನೆರಿಗುಂಡಾ. ಈಗ ಅಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಹೋಗಿ ಬಾ. ಮೈಲ್ಸ್ ಓಗ್ರೇಡಿ ಎಂಬ ಪೊಲೀಸ್ ಕಾನ್‌ಸ್ಟೇಬಲ್‌ನ ಸ್ಮಾರಕ ಅಲ್ಲಿದೆ.

1851ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿ ಜನ ಮುಗಿಬಿದ್ದರು. ಒಂದು ಹಳ್ಳ ಬರಿದಾದರೆ ಇನ್ನೊಂದಕ್ಕೆ ಓಡುತ್ತ ಹತ್ತು ವರ್ಷಗಳ ನಂತರ ನೆರಿಗುಂಡಾವನ್ನೂ ತುಂಬಿದರು. ನಮ್ಮ ಕೋಲಾರದ ಚಿನ್ನ ಆಳದ ಕಲ್ಲಿನಲ್ಲಿತ್ತು. ಅದಕ್ಕೆ ಕಂಪನಿ, ಯಂತ್ರ, ಬಂಡವಾಳ ಎಲ್ಲವೂ ಬೇಕಾದವು. ಅಲ್ಲಿ ಚಿನ್ನ ಹಳ್ಳದ ಮರಳಿನಲ್ಲೇ ಇತ್ತು. ಬಾಣಲೆಯಂಥ ತಟ್ಟೆ ಹಿಡಿದು ನೀರಿಗಿಳಿದವನಿಗೆಲ್ಲ ಒಂದಿಷ್ಟು ಸಿಗುತ್ತಿತ್ತು. ಅದನ್ನು ಇಡಲು ಭದ್ರವಾದ ಜಾಗ ಮಾತ್ರ ಇರಲಿಲ್ಲ. ಅಂಗಡಿಯವನೇ ಕೊಳ್ಳುತ್ತಿದ್ದ, ಅಂಗಡಿಯವನ ತಿಜೋರಿಯೇ ಊರಿನ ಖಜಾನೆ. ಸರ್ಕಾರದ ಕಾವಲಿನಲ್ಲಿ ಸಾಗಿಸುವವರೆಗೆ ಅದರ ಮೇಲೆ ಎಲ್ಲರ ಕಣ್ಣು.

1866ರ ಏಪ್ರಿಲ್ 9ರಂದು ಥಾಮಸ್ ಕ್ಲಾರ್ಕ್ ಎಂಬ ದರೋಡೆಕೋರನ ತಂಡ ಊರಿಗೆ ನುಗ್ಗಿತು. ಹಿಂದಿನ ವರ್ಷವಷ್ಟೇ ಬ್ರೇಡ್‌ವುಡ್ ಜೈಲಿನಿಂದ ತಪ್ಪಿಸಿಕೊಂಡವನು ಅವನು. ಸಿಕ್ಕವರನ್ನೆಲ್ಲ ಹೋಟೆಲೊಂದರಲ್ಲಿ ಕೂಡಿಹಾಕಿ, ಪೊಲಾಕ್ ಎಂಬವರ ಅಂಗಡಿಗೆ ಕೈಹಾಕಿದರು. ತಿಜೋರಿಯ ಬೀಗದ ಕೈಗಳನ್ನು ಪೊಲಾಕ್‌ನ ಹೆಂಡತಿ ಕತ್ತಲಿಗೆ ಎಸೆದುಬಿಟ್ಟಳಂತೆ. ನಿನ್ನ ಅಜ್ಜಿಯೂ ಅದನ್ನೇ ಮಾಡುತ್ತಿದ್ದಳು, ಜೊತೆಗೆ ನಾಲ್ಕು ಮಾತನ್ನೂ ಸೇರಿಸುತ್ತಿದ್ದಳು.

ಓಗ್ರೇಡಿ ಐರ್ಲೆಂಡಿನಿಂದ ಬಂದವನು. ಆ ರಾತ್ರಿ ಅವನು ಜ್ವರದಿಂದ ಹಾಸಿಗೆ ಹಿಡಿದಿದ್ದ. ಸುದ್ದಿ ಕೇಳಿ ಎದ್ದ, ಬಂದೂಕು ಹಿಡಿದು ಬೀದಿಗೆ ಬಂದ. ಜೊತೆಗಿದ್ದವನು ಸ್ಮಿತ್ ಎಂಬ ಇನ್ನೊಬ್ಬ ಕಾನ್‌ಸ್ಟೇಬಲ್ ಮಾತ್ರ. ದರೋಡೆಕೋರರಲ್ಲಿ ವಿಲಿಯಂ ಫ್ಲೆಚರ್ ಎಂಬವನು ಗುಂಡಿಗೆ ಸತ್ತ. ಓಗ್ರೇಡಿಗೂ ಗುಂಡು ತಗುಲಿತು. ಕೆಲವು ಗಂಟೆಗಳಲ್ಲಿ ಅವನೂ ತೀರಿಕೊಂಡ.

ಜ್ವರದಲ್ಲೂ ಎದ್ದು ಹೋದನಲ್ಲ ಎಂದು ಹೊಗಳುವುದು ಸುಲಭ. ಖಾಕಿ ತೊಟ್ಟು ನಿವೃತ್ತನಾದ ನನಗೆ ಕಾಣುವುದೇ ಬೇರೆ. ಚಿನ್ನದ ಊರಿಗೆ, ಕುಖ್ಯಾತ ತಂಡವೊಂದು ಆ ಸೀಮೆಯಲ್ಲೇ ತಿರುಗುತ್ತಿದ್ದಾಗ, ಆ ರಾತ್ರಿ ಎದ್ದು ಬರಬಲ್ಲ ಪೊಲೀಸರು ಎಷ್ಟು ಮಂದಿ? ಒಬ್ಬ ಕಾಯಿಲೆಯವನು, ಇನ್ನೊಬ್ಬ. ಪ್ರತಿವರ್ಷ ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂದು ನಾವು ಮೈದಾನದಲ್ಲಿ ನಿಂತು ಹೆಸರುಗಳನ್ನು ಕೇಳುತ್ತಿದ್ದೆವು. ಅವರು ಒಂಟಿಯಾಗಿ ಯಾಕೆ ಸಿಕ್ಕಿಬಿದ್ದರು ಎಂಬುದನ್ನು ಯಾರೂ ಓದುತ್ತಿರಲಿಲ್ಲ.

ಆ ಸೀಮೆಯಲ್ಲಿ ಕ್ಲಾರ್ಕ್‌ಗಳ ನೆಂಟರಿಷ್ಟರು ತುಂಬಿದ್ದರು. ಪೊಲೀಸರು ಹೊರಟರೆ ಅವರಿಗಿಂತ ಮೊದಲೇ ಸುದ್ದಿ ತಲುಪುತ್ತಿತ್ತು. ಸರ್ಕಾರ ಕ್ಲಾರ್ಕ್‌ನನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟು, ಯಾರು ಬೇಕಾದರೂ ಗುಂಡಿಕ್ಕಬಹುದು ಎಂದಿತು. ಜಾನ್ ಕ್ಯಾರಲ್ ಎಂಬ ಜೈಲು ವಾರ್ಡರ್‌ನ ಮುಂದಾಳತ್ವದಲ್ಲಿ, ಅವನೂ ಸೇರಿ ನಾಲ್ವರು ವಿಶೇಷ ಕಾನ್‌ಸ್ಟೇಬಲ್‌ಗಳನ್ನು ಗುಟ್ಟಾಗಿ ಕಳಿಸಿತು. 1867ರ ಜನವರಿ 9ರಂದು ಜಿಂಡೆನ್ ಬಳಿ ನಾಲ್ವರೂ ಹೆಣವಾದರು. ಕ್ಯಾರಲ್‌ನ ಎದೆಯ ಮೇಲೆ ಒಂದು ಪೌಂಡಿನ ನೋಟನ್ನು ಚುಚ್ಚಿಟ್ಟಿದ್ದರು. ಬ್ರೇಡ್‌ವುಡ್ ಪೊಲೀಸರ ನಡತೆಯ ಬಗ್ಗೆ ತನಿಖಾ ಆಯೋಗ ನೇಮಕವಾದದ್ದು ಅದೇ ವರ್ಷ. ಅಷ್ಟು ಹೊತ್ತಿಗೆ ಓಗ್ರೇಡಿ ಸತ್ತು ತಿಂಗಳುಗಳೇ ಕಳೆದಿದ್ದವು.

ಕೊನೆಗೆ ಏಪ್ರಿಲ್‌ನಲ್ಲಿ ಥಾಮಸ್ ಮತ್ತು ಅವನ ತಮ್ಮ ಜಾನ್ ಗುಡಿಸಲೊಂದರಲ್ಲಿ ಸಿಕ್ಕಿಬಿದ್ದರು. ಹೆಜ್ಜೆಗುರುತು ಹಿಡಿದು ಜಾಡು ಪತ್ತೆಮಾಡುವ, ಸರ್ ವಾಟ್ಕಿನ್ ಎಂದು ಕರೆಯುತ್ತಿದ್ದ ಮೂಲನಿವಾಸಿಯೊಬ್ಬ ಅವರನ್ನು ಹಿಡಿದ ಪೊಲೀಸ್ ತಂಡದಲ್ಲಿದ್ದ. ಆ ಕಾಳಗದಲ್ಲಿ ತಗುಲಿದ ಗುಂಡಿನಿಂದ ಅವನು ಒಂದು ತೋಳು ಕಳೆದುಕೊಂಡ. ಅವನ ಜನರ ನೆಲವನ್ನೇ ಅಗೆದವರ ಕಾವಲಿಗೆ ಅವನ ತೋಳು! ಇದನ್ನು ಓದಿದಾಗ ನನಗೆ ಊಟ ಸೇರಲಿಲ್ಲ. ನಿನ್ನ ಅಮ್ಮ ಬಯ್ದಳು. ಜೂನ್ 25ರಂದು ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್ ಜೈಲಿನಲ್ಲಿ ಅಣ್ಣತಮ್ಮಂದಿರನ್ನು ಗಲ್ಲಿಗೇರಿಸಿದರು.

ಬ್ರೇಡ್‌ವುಡ್ ಸ್ಮಶಾನದಲ್ಲಿ ಆ ನಾಲ್ವರು ವಿಶೇಷ ಕಾನ್‌ಸ್ಟೇಬಲ್‌ಗಳ ಸಮಾಧಿ ಇದೆ, ಅದನ್ನು ಹೋಗುವಾಗಲೇ ನೋಡಿಬಿಡಿ. ಬರುವಾಗ ಕತ್ತಲಾದರೆ ರಸ್ತೆಗೆ ಕಾಂಗರೂಗಳು ಅಡ್ಡ ಬರುತ್ತವೆ ಎಂದು ನೀನೇ ಹೇಳಿದ್ದೆ. ಅಳಿಯಂದಿರಿಗೆ ನಿಧಾನವಾಗಿ ಓಡಿಸಲು ಹೇಳು. ಸ್ಮಾರಕದ ಮೇಲಿನ ಬರಹದ ಫೋಟೋ ತೆಗೆದು ಕಳಿಸು, ಅಕ್ಷರ ಓದಲು ಬರುವಷ್ಟು ಹತ್ತಿರದಿಂದ.

ನಿನ್ನ ಅಪ್ಪ