ಶನಿವಾರ ಸಂಜೆಗೆ ಒಂದು ಮೆಸೇಜು

ಬೀದರ್

ಮಗಳೇ,

ನಿನ್ನ ಮೆಸೇಜು ಓದಿದೆ. 'ಅಮ್ಮಾ, ಹುಕ್ಕಾ ಬಿಡಬೇಕು ಅಂದ್ಕೋತೀನಿ, ಆಗ್ತಿಲ್ಲ' ಅಂತ ಬರೆದಿದ್ದೀಯಲ್ಲ, ನನಗೆ ಅಷ್ಟು ಸಾಕು. ಯಾವಾಗ ಶುರು ಮಾಡಿದೆ, ಯಾರು ಕಲಿಸಿದರು ಅಂತೆಲ್ಲ ಕೇಳುವುದಿಲ್ಲ. ಫೋನ್ ಮಾಡಿದರೆ ನನ್ನ ದನಿ ಏರುತ್ತದೆ, ನೀನು 'ನೆಟ್‌ವರ್ಕ್ ಇಲ್ಲಮ್ಮಾ' ಅಂತೀಯ. ಅದಕ್ಕೇ ಪತ್ರ.

ಹಳ್ಳಿ ಹಳ್ಳಿ ತಿರುಗುವ ನರ್ಸಮ್ಮನ ಕೆಲಸ ನನ್ನದು. ಬೀಡಿ ಸೇದುವವರು, ಗುಟ್ಕಾ ಹಾಕುವವರು, ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುವ ಅಜ್ಜಿಯರು, ಎಲ್ಲರನ್ನೂ ನೋಡಿದ್ದೇನೆ. ಹುಕ್ಕಾ ಸೇದುವವರು ನನ್ನ ಕೈಗೆ ಸಿಕ್ಕಿದ್ದೇ ಕಡಿಮೆ. ಆದರೆ ಹುಕ್ಕಾ ನಮ್ಮ ಮನೆಗೆ ಹೊಸದೇನಲ್ಲ. ನಿನ್ನ ಮುತ್ಯಾ ಬಿದರಿ ಕೆಲಸದವರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಬರಿಸಿ ಹುಕ್ಕಾದ ಬುಡ ಮಾಡುತ್ತಿದ್ದರು. ನಮ್ಮೂರಿನ ಅಂಥ ಹಳೇ ಬುಡಗಳು ಇವತ್ತು ಲಂಡನ್, ನ್ಯೂಯಾರ್ಕ್ ಮ್ಯೂಸಿಯಂಗಳಲ್ಲಿವೆ. ಹೈದರಾಬಾದಿನ ನಿನ್ನ ಗೆಳತಿಯರು 'ಇದು ನವಾಬರ ಕಾಲದ್ದು' ಅಂದರೆ, ಹೌದು, ಪಾತ್ರೆ ನಮ್ಮ ಮುತ್ಯಾನೇ ಮಾಡ್ತಿದ್ರು ಅಂತ ಹೇಳು. ಅವರು ಒಂದು ಸಲವೂ ಗುಡಗುಡಿ ಬಾಯಿಗಿಟ್ಟವರಲ್ಲ ಅನ್ನುವುದನ್ನೂ ಸೇರಿಸು.

ನೀರಿನಲ್ಲಿ ಹಾದು ಬರುವ ಹೊಗೆ, ಅದರಲ್ಲಿ ಅಂಥದ್ದೇನಿರುತ್ತದೆ ಅಂತ ನೀನೇ ಒಂದು ಸಲ ಅಕ್ಕನ ಹತ್ತಿರ ಹೇಳಿದ್ದೆಯಂತೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ ಅಷ್ಟೇ. ತಣ್ಣಗಿರುವ ಹೊಗೆ ಗಂಟಲಿಗೆ ಕಿರಿಕಿರಿ ಮಾಡುವುದಿಲ್ಲ, ಹಾಗಾಗಿ ಇನ್ನೂ ಆಳಕ್ಕೆ ಎಳೆಯುತ್ತೀರಿ. ನಿಕೋಟಿನ್, ಟಾರು, ಎಲ್ಲ ಒಳಗೆ ಹೋಗುತ್ತದೆ. ಮೇಲಿನ ಚಿಲುಮೆಯಲ್ಲಿ ಇದ್ದಿಲು ಉರಿಯುತ್ತದೆಯಲ್ಲ, ಅದರಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. 'ಒಂಥರಾ ಹಗುರ ಆಗುತ್ತೆ, ತಲೆ ತಿರುಗಿದ ಹಾಗಾಗುತ್ತೆ' ಅಂದಿದ್ದೆಯಲ್ಲ, ಅದರಲ್ಲಿ ಈ ಅನಿಲದ ಪಾಲೂ ಇದೆ. ತಂಬಾಕು ಇಲ್ಲದ 'ಹರ್ಬಲ್' ಅಂತ ಮಾರಿದರೂ ಇದ್ದಿಲು ಇದ್ದೇ ಇರುತ್ತದೆ.

2005ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದರ ಲೆಕ್ಕ ಕೊಟ್ಟಿದೆ. ಒಂದು ಸಲ ಕೂತರೆ 20ರಿಂದ 80 ನಿಮಿಷ, 50ರಿಂದ 200 ಸಲ ಎಳೆಯುವುದು. ಹಾಗೆ ಕೂತಾಗ ಒಳಗೆ ಹೋಗುವ ಹೊಗೆ ನೂರು ಸಿಗರೇಟಿನಷ್ಟೋ ಅದಕ್ಕಿಂತ ಜಾಸ್ತಿಯೋ ಇರಬಹುದು ಅಂತ. ಹೊಗೆಯ ಪ್ರಮಾಣದ ಮಾತು ಇದು, ವಿಷವೂ ನೂರು ಪಟ್ಟು ಅಂತ ತಿಳಿಯಬೇಡ. ನಿನ್ನನ್ನು ಹೆದರಿಸಲು ಲೆಕ್ಕ ಹಿಗ್ಗಿಸುವುದಿಲ್ಲ. ಆದರೆ ಒಂದೇ ಪೈಪು ಬಾಯಿಂದ ಬಾಯಿಗೆ ಹೋಗುತ್ತದೆ ಅಂದಾಗ ಮಾತ್ರ ನನ್ನ ಕ್ಷಯರೋಗದ ರಿಜಿಸ್ಟರೇ ಕಣ್ಮುಂದೆ ಬಂತು, ನೋಡು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯವೂ ಹುಕ್ಕಾ ನಿಷೇಧಿಸಿತು, ಅದೇ ತಿಂಗಳು ತೆಲಂಗಾಣದ ವಿಧಾನಸಭೆಯೂ ಹುಕ್ಕಾ ಪಾರ್ಲರ್ ಬೇಡ ಅಂತ ಮಸೂದೆ ಪಾಸು ಮಾಡಿತು. ಪಾರ್ಲರ್ ಬಾಗಿಲು ಹಾಕಿತು, ಹುಕ್ಕಾ ನಿಮ್ಮ ಫ್ಲ್ಯಾಟಿಗೆ ಬಂತು. ಕಾನೂನು ಬೇಕು ಅನ್ನುವವಳೇ ನಾನು. ಆದರೆ ಶನಿವಾರ ರಾತ್ರಿ ನಿಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಪೊಲೀಸರು ಕೂತಿರುವುದಿಲ್ಲ, ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ಮೊಬೈಲಿಗೆ ಬರುವ ಮೆಸೇಜುಗಳಿಂದ ತಂಬಾಕು ಬಿಡಿಸುವ ಪದ್ಧತಿ ಒಂದಿದೆ. ಮೊದಲು ನನಗೂ ನಗು ಬಂತು. ದಿನಾ ಬರುವ 'ಗುಡ್ ಮಾರ್ನಿಂಗ್' ಹೂವಿನ ಚಿತ್ರಗಳ ನಡುವೆ ಇದೊಂದು ಅಂತ. ಆದರೆ ಇದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. ಬ್ರಿಟನ್ನಿನಲ್ಲಿ ಸುಮಾರು 5800 ಜನ ಸಿಗರೇಟು ಸೇದುವವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು. ಅರ್ಧ ಜನಕ್ಕೆ ಬಿಡಲು ನೆರವಾಗುವ ಮೆಸೇಜು, ಉಳಿದವರಿಗೆ ಬೇರೇನೋ ಮೆಸೇಜು. ಮೊದಲ ಐದು ವಾರ ದಿನಕ್ಕೆ ಐದು, ಆಮೇಲೆ ವಾರಕ್ಕೆ ಮೂರು. ಆರು ತಿಂಗಳಾದ ಮೇಲೆ ಬಾಯಿಮಾತು ನಂಬದೆ ಪರೀಕ್ಷೆ ಮಾಡಿ ನೋಡಿದರು. ಮೆಸೇಜು ಪಡೆದವರಲ್ಲಿ 10.7 ಶೇಕಡಾ ಬಿಟ್ಟಿದ್ದರು, ಇನ್ನೊಂದು ಗುಂಪಿನಲ್ಲಿ 4.9. ನೂರಕ್ಕೆ ಹತ್ತು ಜನ ಅಂದರೆ ಏನು ಮಹಾ ಅನ್ನಿಸುತ್ತದೆ. ತಂಬಾಕು ಬಿಡಿಸುವ ಕೆಲಸ ಮಾಡಿದವರಿಗೆ ಗೊತ್ತು, ಎರಡರಷ್ಟು ಅಂದರೆ ಸಣ್ಣದಲ್ಲ.

ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆ. ಆಸೆ ತಡೆಯಲಾಗದಾಗ ಒಂದೇ ಒಂದು ಪದ ಕಳಿಸಿದರೆ ತಕ್ಷಣ ಉತ್ತರ ಬರುತ್ತಿತ್ತು. ತಪ್ಪಿ ಸೇದಿಬಿಟ್ಟರೆ ಅದಕ್ಕೂ ಬೇರೆ ಪದ, ಅದಕ್ಕೂ ಉತ್ತರ. ಸೇದಿದೆ ಅಂತ ಹೇಳಿಕೊಳ್ಳಲು ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ನಿನಗೆ ಬಿಡಿಸಿ ಹೇಳಬೇಕಾ? ಓಪಿಡಿ ಸಾಲಿನಲ್ಲಿ ನಿಂತು 'ನಾನು ಹುಕ್ಕಾ ಸೇದುತ್ತೇನೆ' ಅನ್ನುವ ಹುಡುಗಿಯನ್ನು ನಾನಂತೂ ಇದುವರೆಗೆ ನೋಡಿಲ್ಲ.

ಅಮೆರಿಕದಲ್ಲಿ ಹುಕ್ಕಾಕ್ಕೇ ಅಂತ, ನಿನ್ನ ವಯಸ್ಸಿನವರಿಗೇ ಅಂತ ಇಂಥ ಮೆಸೇಜುಗಳನ್ನು ಪ್ರಯತ್ನಿಸಿದ್ದಾರೆ. ನಮ್ಮ ಸರ್ಕಾರವೂ 2016ರಲ್ಲಿ ಮೆಸೇಜು ಸೇವೆ ಶುರು ಮಾಡಿತು, ಆದರೆ ಎಲ್ಲ ತಂಬಾಕಿಗೂ ಸೇರಿಸಿ. ಹುಕ್ಕಾದವರ ಕಥೆ ಬೇರೆ. ಬೀಡಿಯವನಿಗೆ ಬೆಳಗ್ಗೆ ಚಹಾ ಜೊತೆಗೇ ಬೇಕು. ನಿನಗೆ ಸೋಮವಾರದಿಂದ ಶುಕ್ರವಾರದವರೆಗೆ ನೆನಪೇ ಆಗುವುದಿಲ್ಲ ಅಂದಿದ್ದೀಯ. ಅದಕ್ಕೇ 'ನಾನೇನು ಅಡಿಕ್ಟ್ ಅಲ್ಲ' ಅಂತ ಅನ್ನಿಸೋದು. ಶನಿವಾರ ಬಂತು, ಗೆಳತಿಯರು ಬಂದರು, ಇದ್ದಿಲು ಕೆಂಪಾಯಿತು, ಮುಗೀತು. ಹಾಗಾದರೆ ಮಂಗಳವಾರ ಬೆಳಗ್ಗೆ ಬರುವ ಬುದ್ಧಿಮಾತಿನಿಂದ ನಿನಗೇನು ಉಪಯೋಗ? ನಿನಗೆ ಮೆಸೇಜು ಬರಬೇಕಾದದ್ದು ಶನಿವಾರ ಸಂಜೆ, ಪೈಪು ನಿನ್ನ ಕಡೆ ತಿರುಗುವ ಮುಂಚೆ.

ಅದನ್ನು ನಾನು ಕಳಿಸುತ್ತೇನೆ. ಎಷ್ಟು ಗಂಟೆಗೆ ಅಂತ ನೀನು ಹೇಳು. ಉಪದೇಶ ಇರುವುದಿಲ್ಲ, ದೇವರ ಚಿತ್ರವೂ ಇರುವುದಿಲ್ಲ. 'ಪೈಪು ಬಂದಾಗ ಪಕ್ಕದವಳಿಗೆ ದಾಟಿಸು, ಕಾರಣ ಕೊಡಬೇಡ.' 'ಎದ್ದು ಹೋಗಿ ನೀರು ಕುಡಿ, ಐದು ನಿಮಿಷ ಬಾಲ್ಕನಿಯಲ್ಲಿ ನಿಲ್ಲು.' ಇಷ್ಟೇ. ಆಸೆಯ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು, ಅಷ್ಟು ಹೊತ್ತು ದಾಟಿದರೆ ಜೋರು ಇಳಿಯುತ್ತದೆ. ನೀನು ಉತ್ತರ ಕೊಡಬೇಕಿಲ್ಲ. ನೀಲಿ ಟಿಕ್ ಬಿತ್ತಾ ಅಂತ ನೋಡುತ್ತಾ ಕೂರುವುದೂ ಇಲ್ಲ. ತೀರಾ ಕಷ್ಟ ಆದರೆ 'ಗುಡಗುಡಿ' ಅಂತ ಒಂದು ಪದ ಹಾಕು, ಆಗ ನಾನೇ ಯಾವುದೋ ನೆಪದಲ್ಲಿ ಫೋನ್ ಮಾಡುತ್ತೇನೆ, ನೀನು ಹೊರಗೆ ಬಂದು ಮಾತಾಡು. ಸೇದಿಬಿಟ್ಟರೆ 'ಸೇದಿದೆ' ಅಂತ ಹಾಕು. ಅದಕ್ಕೆ ನನ್ನ ಉತ್ತರ 'ಸರಿ, ಮುಂದಿನ ಶನಿವಾರ' ಅಂತ ಈಗಲೇ ಬರೆದಿಟ್ಟಿದ್ದೇನೆ.

ಎಲ್ಲ ಅಮ್ಮನ ಕೈಯಲ್ಲೇ ಆಗುತ್ತದೆ ಅನ್ನುವ ಹುಂಬತನ ನನಗಿಲ್ಲ. ತಂಬಾಕು ಬಿಡುವವರಿಗಾಗಿ ಉಚಿತ ಸಹಾಯವಾಣಿ ಇದೆ, 1800-11-2356. ಸಿಗರೇಟು, ಬೀಡಿ, ಗುಟ್ಕಾ ಪ್ಯಾಕೆಟ್ಟಿನ ಮೇಲೆಲ್ಲ ಈ ನಂಬರ್ ಅಚ್ಚಾಗಿರುತ್ತದೆ. ಹುಕ್ಕಾ ತುಂಬಿ ಕೈಗೆ ಕೊಟ್ಟರೆ ಪ್ಯಾಕೆಟ್ಟೇ ಕಾಣುವುದಿಲ್ಲವಲ್ಲ, ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಕೌನ್ಸೆಲರ್ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೂ ಮಾತಾಡಬಹುದು. ನನಗೆ ಹೇಳಲಾಗದ್ದನ್ನು ಅವರಿಗೆ ಹೇಳು.

ಅಪ್ಪನಿಗೆ ನಾನು ಏನೂ ಹೇಳಿಲ್ಲ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಫ್ಲ್ಯಾಟಿನ ಗೆಳತಿಯರಲ್ಲಿ ಇನ್ನೊಬ್ಬಳಿಗೂ ಬಿಡುವ ಮನಸ್ಸಿದೆ ಅಂದಿದ್ದೆಯಲ್ಲ, ಅವಳು ಒಪ್ಪಿದರೆ ಅವಳ ನಂಬರೂ ಕಳಿಸು. ಒಬ್ಬಳಿಗೆ ಹಾಕುವ ಮೆಸೇಜು ಇಬ್ಬರಿಗೆ ಹಾಕುವುದೇನು ಕಷ್ಟ. ಅವಳಿಗೆ ಕನ್ನಡ ಬರದಿದ್ದರೆ ನನ್ನ ಬೀದರ್ ಹಿಂದಿಯಲ್ಲಿ ಕಳಿಸುತ್ತೇನೆ, ನಗಬಾರದು ಅಂತ ಮೊದಲೇ ಹೇಳಿಡು. ಗಂಟೆ ಯಾವುದು ಅಂತ ಶುಕ್ರವಾರದೊಳಗೆ ತಿಳಿಸು.

ಅಮ್ಮ